ಛತ್ರದ ತುಂಬಿದ ಕೋಣೆಗಳು

“ಗುರುಗಳೇ, ಆಸ್ಪತ್ರೆಯ ಸರ್ವರಿನಲ್ಲಿ ಮೆಮೊರಿ ಖಾಲಿಯೇ ಇಲ್ಲ. ಪ್ರೋಗ್ರಾಮ್‌ಗಳು ಬಳಸಿರುವುದು ಸ್ವಲ್ಪ. ಮಿಕ್ಕದ್ದನ್ನೆಲ್ಲ ಯಂತ್ರ ನಡೆಸುವ ಕರ್ನಲ್ಲೇ ನುಂಗಿ, ಡಿಸ್ಕಿನಿಂದ ಒಮ್ಮೆ ಓದಿ ತಂದ ಕಡತಗಳನ್ನು ತುಂಬಿಕೊಂಡು ಕೂತಿದೆ. ಎಲ್ಲವನ್ನೂ ಒಮ್ಮೆ ತೆರವು ಮಾಡಿಬಿಡಲೇ?” ಎಂದು ಶಿಷ್ಯ ತಿಪ್ಪೇಶ ಕೇಳಿದ. ವೈದ್ಯರು ಅದೇ ಸರ್ವರಿನಲ್ಲಿ ರೋಗಿಗಳ ವಿವರ ನೋಡುತ್ತಿದ್ದರು. ಆದರೂ ಅವನ ಬೆರಳು ಆಗಲೇ ಕೀಲಿಮಣೆಯ ಮೇಲಿತ್ತು.

“ಆತುರಗಾರನಿಗೆ ಬುದ್ಧಿ ಮಟ್ಟ. ಮೊದಲು ಕೈ ತೆಗೆ, ಆಮೇಲೆ ಕೇಳು” ಎಂದು ಗದರಿ ಗುರುಗಳು ಕತೆ ಶುರು ಮಾಡಿದರು.

ಒಬ್ಬ ವರ್ತಕ ತನ್ನ ತಾಯಿಯ ಹೆಸರಿನಲ್ಲಿ ಛತ್ರ ಕಟ್ಟಿಸಿದ. ಇಲ್ಲಿಂದ ಯಾರೂ ಹಸಿದು ಹೋಗಬಾರದು ಎಂಬುದು ಅವನ ಹಟ. ಅಡುಗೆಯವನನ್ನು ನೇಮಿಸಿ ಊರಿಗೆ ಹೋದ.

ಕೆಲವು ಕಾಲದ ಮೇಲೆ ಬಂದು ನೋಡಿದರೆ ಪ್ರಯಾಣಿಕರ ಗಂಟುಮೂಟೆ ಎರಡೇ ಕೋಣೆಗಳಲ್ಲಿ. ಉಳಿದ ಕೋಣೆಗಳ ತುಂಬ ಸೌದೆ, ಅಕ್ಕಿ, ಊಟದ ಎಲೆ. ವರ್ತಕನಿಗೆ ಮೈ ಉರಿಯಿತು.

“ಬಂದವರಿಗಿಂತ ನಿನ್ನದೇ ಸಂಸಾರ ದೊಡ್ಡದಾಯಿತಲ್ಲ! ಛತ್ರ ಕಟ್ಟಿಸಿದ್ದು ಜನಕ್ಕೋ, ಸೌದೆಗೋ?”

“ಧಣಿ, ಉಗ್ರಾಣ ಹೊಳೆಯಾಚೆ ಇದೆ. ಒಮ್ಮೆ ತಂದದ್ದು ಮತ್ತೆ ಬೇಕಾಗುತ್ತದೆ ಅಂತ ಕೈಗೆಟುಕುವಂತೆ ಇಟ್ಟಿದ್ದೇನೆ. ಜನ ಬಂದರೆ ಆ ಕ್ಷಣವೇ ಜಾಗ ಬಿಡಿಸುತ್ತೇನೆ. ಒಲೆಯಿರುವ ಕೋಣೆಯೊಂದನ್ನು ಮಾತ್ರ ಬಿಡಿಸಲಾರೆ.”

ವರ್ತಕ ಕೇಳಲಿಲ್ಲ. ತಾನೇ ನಿಂತು ಎಲ್ಲವನ್ನೂ ಹೊಳೆಯಾಚೆಗೆ ಸಾಗಿಸಿದ. ಕೋಣೆಗಳನ್ನು ಗುಡಿಸಿ, ಸಾರಿಸಿ, ಸಾಲಾಗಿ ಬಾಗಿಲು ತೆರೆದಿಟ್ಟು ಹಿಗ್ಗಿದ.

ಮರುದಿನ ಮಧ್ಯಾಹ್ನ ಯಾತ್ರಿಕರು ಬಂದರು. ಇಳಿದುಕೊಳ್ಳಲು ಕೋಣೆಗಳಿಗೆ ಬರವಿರಲಿಲ್ಲ. ಒಲೆ ಮಾತ್ರ ತಣ್ಣಗಿತ್ತು. ಅಡುಗೆಯವನು ಸೌದೆಗೆಂದು ಹೊಳೆ ದಾಟಿದ, ಅಕ್ಕಿಗೆಂದು ಮತ್ತೆ ದಾಟಿದ. ನೀರು ಕುದಿಯುವ ಹೊತ್ತಿಗೆ ಒಬ್ಬ ಮುದುಕಿ ಅಳುವ ಮೊಮ್ಮಗಳನ್ನು ಎತ್ತಿಕೊಂಡು ಎದ್ದಳು. “ಮುಂದಿನ ಊರಲ್ಲಿ ಏನಾದರೂ ಸಿಗುತ್ತದೇನೋ, ನೋಡುತ್ತೇವಪ್ಪ” ಎಂದು ಹೊರಟೇಬಿಟ್ಟಳು. ತಾಯಿಯ ಛತ್ರದಿಂದ ಹಸಿದು ಹೋದವರಲ್ಲಿ ಅವರೇ ಮೊದಲಿಗರು. ವರ್ತಕನಿಗೆ ತಡೆದು ನಿಲ್ಲಿಸಲೂ ಮುಖವಿರಲಿಲ್ಲ.

ಕತೆ ಮುಗಿಯಿತು. ತಿಪ್ಪೇಶ ಪಟ್ಟು ಬಿಡಲಿಲ್ಲ. “ಆದರೆ ಗುರುಗಳೇ, ಇಲ್ಲಿ ಖಾಲಿ ಎಂಬುದೇ ಇಲ್ಲವಲ್ಲ!”

ಗುರುಗಳು ಪರದೆಯನ್ನು ಅವನ ಕಡೆ ತಿರುಗಿಸಿದರು. “ಖಾಲಿ ಎಷ್ಟಿದೆ ಎಂದು ಬೆಳಗಿನಿಂದ ನೋಡಿದೆಯಲ್ಲ, ಜಾಗ ಕೇಳಿ ಬಂದ ಪ್ರೋಗ್ರಾಮ್‌ಗಳಲ್ಲಿ ಯಾವುದು ಸಿಗದೆ ಹಿಂದಿರುಗಿತು, ಹೇಳು.”