ಫಕೀರವ್ವನ ತಾಟು

ಕೂಡ್ರಿ, ಹೇಳತೀನಿ. ಈ ಮಾತು ಹೇಳಬೇಕಾದ್ರ ಇವತ್ತಿಗೂ ಮೈ ಉರೀತದ.

ಬಾಳ ಹಿಂದ, ಹೊಳಿ ದಂಡಿಮ್ಯಾಲ ಒಂದೂರು. ಆ ಊರಾಗ ಅರಿವಿಗೆ ಬಣ್ಣ ಹಾಕೋ ನೀಲಗಾರರ ಓಣಿ. ಆ ಓಣ್ಯಾಗ ಫಕೀರವ್ವ ಅಂತ ಒಬ್ಬಾಕಿ ಇದ್ದಳಂತ. ಆಕಿ ದನಿ ಎತ್ತಿದರ ಹೊಳಿ ಆಚಿ ದನ ಮೇಯೂದು ಬಿಟ್ಟು ತಲಿ ಎತ್ತತಿದ್ದವಂತ.

ನೀಲಗಾರರದೊಂದು ರೂಢಿ. ಬಾನ್ಯಾಗ ನೀಲಿ, ಸುಣ್ಣ, ಬೆಲ್ಲ ಕಲಸಿಟ್ಟರ ಅದು ಹುಳಿ ಬರಬೇಕು. ಬಂತೋ ಇಲ್ಲೋ ಅಂತ ಬೆರಳು ಅದ್ದಿ ನಾಲಿಗಿಗೆ ಹಚ್ಚಿ ನೋಡೋದು. ಅಜ್ಜ ಮುತ್ತಜ್ಜರೆಲ್ಲ ಹಂಗ ನೋಡಿದವರು, ಯಾರಿಗೂ ಏನೂ ಆಗಿರಲಿಲ್ಲ.

ಆಮ್ಯಾಲ ಒಬ್ಬ ವ್ಯಾಪಾರಿ ಬಂದ. ಫ್ಯಾಕ್ಟರ್ಯಾಗ ಮಾಡಿದ ಕೆಂಪು ಪುಡಿ ತಂದ. ವಿಷ ಗಿಷ ಏನೂ ಇಲ್ಲ ಅಂತ ಎಲ್ಲಾರ ಮುಂದ ಚಿಟಿಕಿ ಪುಡಿ ನೆಕ್ಕಿ ತೋರಿಸಿದನಂತ. ನೆಕ್ಕಿ ನಕ್ಕನಂತ, ಅವನ ಬಾಯಾಗ ಮಣ್ಣು ಬೀಳಲಿ. ನಮ್ಮವರು ಹೊಸ ಬಣ್ಣಕ್ಕೂ ಹಳೇ ರೂಢಿನ ಹಚ್ಚಿದರು, ಬಾನಿಗೊಮ್ಮೆ ನಾಲಿಗಿಗೆ ಬೆರಳು. ಆ ವ್ಯಾಪಾರಿ ಕಣ್ಣಾರೆ ನೋಡಿದ. ಬ್ಯಾಡ ಅನ್ನಲಿಲ್ಲ.

ವರ್ಷ ಕಳದವು. ಫಕೀರವ್ವನ ಗಂಡ ಮುದುಕಪ್ಪ ರಕ್ತ ಉಚ್ಚಿ ಹೊಯ್ಯಾಕ ಹತ್ತಿದ, ನರಳಿ ನರಳಿ ಸತ್ತ. ಊರವರು ದೇವರ ಕಾಟ ಅಂದರಂತ. ಫಕೀರವ್ವ ಮಾತ್ರ ಬಾನಿ ಮುಂದ ಕೂತು ವಿಚಾರ ಮಾಡಿದಳಂತ. ಬಾನ್ಯಾಗ ಹಾಕಿದ್ದು ಹಾಕಿದಂಗ ಇರತದೇನು? ನೀಲಿ ಹಾಕಿದರ ಒಳಗ ಹಳದಿ ಆಗತದ. ಹೊಟ್ಟಿನೂ ಒಂದು ಬಾನಿನ, ಅದರಾಗೂ ಹುಳಿ ಬರಿಸೋ ಒಂದು ಹೆಪ್ಪು ಅದ. ಹೊರಗ ಸಾಧು ಇದ್ದ ಪುಡಿ ಒಳಗ ಹೋಗಿ, ಆ ಹೆಪ್ಪು ತಾಗಿ ವಿಷ ಆಗತದ. ಈಗಿನವರು ಆ ಹೆಪ್ಪಿಗೆ ಕಿಣ್ವ ಅಂತಾರ.

ಅಷ್ಟರಾಗ ಮಗ ಸೋಮನಿಂಗ ಅಪ್ಪನ ಬಾನಿ ಹಿಡದಿದ್ದ. ಬ್ಯಾಡೋ ಮಗನ ಅಂತ ತಾಯಿ ಅತ್ತರೂ, ಮಾರಾವನ ನೆಕ್ಕತಾನ, ನಿಂದೇನಬೇ ಅಂತಿದ್ದನಂತ.

ವ್ಯಾಪಾರಿ ಮತ್ತ ಬಂದ, ಮತ್ತ ಚಿಟಿಕಿ ಎತ್ತಿದ. ಫಕೀರವ್ವ ಅವನ ಮುಂದ ತಾಟು ಇಟ್ಟು, ರೊಟ್ಟಿ ಹಾಕಿ, ರಟ್ಟಿ ಹಿಡದಳಂತ.

"ಒಮ್ಮೆ ನೆಕ್ಕಿ ಓಡಬ್ಯಾಡ. ಇಲ್ಲೇ ಇರು, ರೊಟ್ಟಿ ನಾ ಹಾಕತೀನಿ. ನನ್ನ ಗಂಡ ನೆಕ್ಕಿದಷ್ಟು ವರ್ಷ ನೀನೂ ದಿನಾ ನೆಕ್ಕು. ಆಮ್ಯಾಲ ನಿನ್ನ ಉಚ್ಚಿ ನೋಡೋಣು."

ಅವ ರಟ್ಟಿ ಕೊಸರಿಕೊಂಡು, ಪುಡಿ ಚೀಲ ಅಲ್ಲೇ ಬಿಟ್ಟು ಓಡಿದನಂತ. ದೋಣಿಗೂ ಕಾಯಲಿಲ್ಲಂತ, ಹೊಳಿಗೆ ಹಾರಿ ಈಸಿದನಂತ. ಅದನ್ನ ನೋಡಿ ಸೋಮನಿಂಗ ನೆಕ್ಕೂದು ಬಿಟ್ಟ. ಏನು ಬಿಟ್ಟರೇನು, ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು. ಒಳಗಿನ ಬಾನಿ ತನ್ನ ಕೆಲಸ ಮುಗಿಸಿತ್ತು. ಹೆತ್ತಾಕಿ ಕೈಯಾರೆ ಮಗನಿಗೂ ಮಣ್ಣು ಹಾಕಿದಳು.

ಇವತ್ತಿಗೂ ಆ ಓಣಿಗೆ ಹೊಸ ಬಣ್ಣ ಮಾರಾಕ ಯಾರೇ ಬರಲಿ, ಮದಲ ಫಕೀರವ್ವನ ಹೆಸರಿಲೆ ತಾಟು ಇಟ್ಟು ರೊಟ್ಟಿ ಹಾಕತಾರ. ಎಷ್ಟು ವರ್ಷ ಇರತೀಯಪ್ಪಾ ಅಂತ ಕೇಳತಾರ. ಇಲ್ಲೀತನಕ ಒಬ್ಬನೂ ಉಣ್ಣಾಕ ಕೂತಿಲ್ಲ.