ಅಕ್ಕಿ ತೊಳೆಯುವ ಬುಟ್ಟಿಯ ಕೋಟೆ

ಜಪಾನಿನ ತಕಾನೊಸೆ ಬೆಟ್ಟದ ಮೇಲೆ ಈಗ ಅರಮನೆಯಿಲ್ಲ, ಹೆಬ್ಬಾಗಿಲಿಲ್ಲ. ಮರದ ಉಪ್ಪರಿಗೆಗಳೆಲ್ಲ ಎಂದೋ ಸುಟ್ಟುಹೋಗಿವೆ. ಉಳಿದಿರುವುದು ಒಂದು ಕಲ್ಲಿನ ಗೋಡೆ. ಬೇರೆ ಕೋಟೆಗಳಿಗೆ ಜನ ಬಿಸಿಲು ನೋಡಿ ಹೋದರೆ ಇಲ್ಲಿಗೆ ಮಳೆ ನೋಡಿ ಓಡಿ ಬರುತ್ತಾರೆ. ಮೋಡ ಕವಿಯಿತೆಂದರೆ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಊರವರು ಇದನ್ನು ಕರೆಯುವುದು ಜರು ಕೋಟೆ ಎಂದು. ಜರು ಎಂದರೆ ಅಲ್ಲಿನ ಹೆಂಗಸರು ಅಕ್ಕಿ ತೊಳೆಯುವ ಬಿದಿರಿನ ಬುಟ್ಟಿ. ದೊರೆಯ ಕೋಟೆಗೆ ಅಡುಗೆಮನೆಯ ಹೆಸರು ಬಂದದ್ದು ಕಿನು ಎಂಬ ಬಾಯಿಬಡುಕಿಯಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ ಅಲ್ಲಿಯ ದೊರೆಗೆ ಹನಿ ನೀರೂ ತೂರದ ಗೋಡೆ ಬೇಕೆಂಬ ಹಟ ಹಿಡಿಯಿತು. ಕಲ್ಲಿನ ಹಿಂದೆ ಜೇಡಿಮಣ್ಣು ಗಿಡಿಯಿರಿ ಎಂದ. ಕಲ್ಲುಕುಟಿಗರ ಮುಖ್ಯಸ್ಥ ಗೆನ್‌ಪಾಚಿ, ಕಿನುವಿನ ಗಂಡ, ಅದು ತಪ್ಪೆಂದು ಬಲ್ಲವನಾದರೂ ತಲೆಬಾಗಿದ. ಎರಡು ಮಳೆಗಾಲಕ್ಕೆ ಗೋಡೆ ಎರಡು ಸಲ ಹೊಟ್ಟೆಯುಬ್ಬಿ ಕುಸಿಯಿತು. ಗೋಡೆ ನರಬಲಿ ಕೇಳುತ್ತಿದೆ ಎಂದ ಜೋಯಿಸ. ಹಾಗಾದರೆ ಕಟ್ಟಿದವನನ್ನೇ ಅಡಿಪಾಯದಲ್ಲಿ ಹೂಳಿ ಎಂದ ದೊರೆ. ಗೆನ್‌ಪಾಚಿ ಅದಕ್ಕೂ ತಲೆಬಾಗಿ ಮನೆಗೆ ಬಂದ.

"ನನ್ನ ಹೆಸರು ಗೋಡೆಯಲ್ಲಿ ಉಳಿಯುತ್ತದೆ ಕಣೇ."

"ಉಳಿದ ಹೆಸರು ಮಗುವಿಗೆ ಅನ್ನ ಬೇಯಿಸಿ ಹಾಕುತ್ತದೆಯೇ?" ಎಂದಳು ಕಿನು.

ಬಲಿಯ ದಿನ ಅವಳು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಎರಡು ಜರು ಹಿಡಿದು ಬೆಟ್ಟ ಹತ್ತಿದಳು. ದೊರೆಯೆದುರು ಒಂದಕ್ಕೆ ಜೇಡಿಮಣ್ಣು, ಒಂದಕ್ಕೆ ಜಲ್ಲಿ ತುಂಬಿ, ಎರಡಕ್ಕೂ ಕೊಡಗಟ್ಟಲೆ ನೀರು ಸುರಿದಳು. ಮಣ್ಣಿನ ಬುಟ್ಟಿ ಉಬ್ಬಿ ತಳ ಕಿತ್ತುಕೊಂಡಿತು. ಜಲ್ಲಿಯದು ನೀರು ಬಿಟ್ಟು ಹಾಗೆಯೇ ನಿಂತಿತು. "ಈ ಬುಟ್ಟಿಗೆ ನಾನು ಯಾರನ್ನೂ ಬಲಿ ಕೊಟ್ಟಿಲ್ಲ ಒಡೆಯರೇ. ಬಲಿ ಬೇಕೇ ಬೇಕೆಂದರೆ ಜೋಯಿಸರನ್ನೂ ಜೊತೆಗೆ ಹೂಳಿ. ಇಬ್ಬರಿದ್ದರೆ ಇನ್ನೂ ಭದ್ರ." ಜೋಯಿಸ ಕೆಮ್ಮಿ, ಲೆಕ್ಕದಲ್ಲಿ ಏನೋ ತಪ್ಪಿರಬಹುದು ಎಂದ.

ದೊರೆ ಒಂದು ಮಳೆಗಾಲದ ಗಡುವು ಕೊಟ್ಟ. ಗೋಡೆ ಮತ್ತೆ ಬಿದ್ದರೆ ಗಂಡ, ಹೆಂಡತಿ, ಮಗು ಮೂವರೂ ಅದರಡಿಗೆ. ಜಲ್ಲಿ ತುಂಬಿ ಗೋಡೆ ಎದ್ದಿತು. ಏಳು ದಿನ ಬಿಡದೆ ಮಳೆ ಹೊಡೆಯಿತು. ಎಂಟನೆಯ ಬೆಳಿಗ್ಗೆ ಕಲ್ಲುಕಲ್ಲಿನ ಸಂದಿನಿಂದ ನೀರು ಚಿಮ್ಮಿದಾಗ ಗೆನ್‌ಪಾಚಿ ಹೆದರಿ ಕಣ್ಣು ಮುಚ್ಚಿಕೊಂಡ. ನೀರು ಹರಿಯಿತು, ಗೋಡೆ ಅಲುಗಲಿಲ್ಲ. ಆ ಬುಟ್ಟಿ ನನಗೆ ಕೊಡು, ಖಜಾನೆಯಲ್ಲಿಡುತ್ತೇನೆ ಎಂದನಂತೆ ದೊರೆ. "ನಾಳೆ ಅಕ್ಕಿ ಯಾವುದರಲ್ಲಿ ತೊಳೆಯಲಿ?" ಎಂದು ಕಿನು ಕೊಡಲಿಲ್ಲ. ಬುಟ್ಟಿ ಸಿಗದ ದೊರೆ ಅದರ ಹೆಸರನ್ನೇ ಕೋಟೆಗೆ ಇಟ್ಟುಕೊಂಡ ಎನ್ನುತ್ತಾರೆ.

ಇಂದಿಗೂ ಮಳೆ ಬಂತೆಂದರೆ ಗೋಡೆಯ ಮೈತುಂಬ ನೂರಾರು ನೀರಿನ ಎಳೆಗಳು ಇಳಿಯುತ್ತವೆ. ತಾಯಂದಿರು ಕೊಡೆ ಮಡಚಿ, ಮಕ್ಕಳನ್ನು ಎತ್ತಿ ಹಿಡಿದು, ಆ ನೀರಿಗೆ ಪುಟ್ಟ ಕೈ ಒಡ್ಡಿಸುತ್ತಾರೆ. ಒಂದು ಮೂಲೆಯಲ್ಲಿ ಅಡಿಪಾಯ ಅಗೆದು ಗಾಜು ಮುಚ್ಚಿದ್ದಾರೆ. ಬಗ್ಗಿ ನೋಡಿದವರಿಗೆ ಎಲುಬು ಕಾಣುವುದಿಲ್ಲ. ಕಾಣುವುದು ಬರೀ ಜಲ್ಲಿ.