ಸೀನುಗುಡ್ಡದ ಮೇಲಿನ ಒಂದೇ ಅಂಗಡಿ

ಕಣವಿಹಾಳದ ಪಡುವಣಕ್ಕೆ, ಆಗಷ್ಟೇ ಬೋಳಿಸಿದ ತಲೆಯಂಥ ಗುಡ್ಡವೊಂದಿದೆ. ಅದರ ನೆತ್ತಿಯ ಮೇಲೆ ಒಂದೇ ಒಂದು ಅಂಗಡಿ. ಅಂಗಡಿಯೆಂದರೆ ನಾಲ್ಕು ಗೂಟ, ಒಂದು ಗೋಣಿತಟ್ಟು, ಒಣಮೆಣಸಿನಕಾಯಿಯ ರಾಶಿ, ಅದರ ಹಿಂದೆ ಗಿರಾಕಿಯನ್ನು ಕಂಡರೆ ಮುಖ ಗಂಟಿಕ್ಕುವ ಒಬ್ಬ ಹೆಂಗಸು. ಗುಡ್ಡದ ಬುಡದಿಂದ ಊರಿನವರೆಗೆ ದೊಡ್ಡ ಬಯಲು ಖಾಲಿ ಬಿದ್ದಿದೆ. ಅಲ್ಲಿ ಯಾರೂ ಉಳುವುದಿಲ್ಲ, ಗುಡಿಸಲೂ ಹಾಕುವುದಿಲ್ಲ. ಏಕೆಂದು ಕೇಳಿದರೆ ಸಂತೆ ಇನ್ನೂ ಮುಗಿದಿಲ್ಲ ಎನ್ನುತ್ತಾರೆ. ಬಯಲಿನಲ್ಲಿ ಒಂದು ಕತ್ತೆಯೂ ಇರುವುದಿಲ್ಲ, ಹೇಳಿದವರ ಮುಖದಲ್ಲಿ ನಗುವೂ ಇರುವುದಿಲ್ಲ.

ಹಿಂದೆ ಒಮ್ಮೆ, ಕುದುರೆಗಿಂತ ಜೋರಾಗಿ ಓಡುವುದು ಊರಿನ ಚಾಡಿಮಾತು ಮಾತ್ರವಾಗಿದ್ದ ಕಾಲದಲ್ಲಿ, ಈ ಬಯಲಿನಲ್ಲಿ ವರ್ಷಕ್ಕೊಮ್ಮೆ ವ್ಯಾಪಾರದ ದೊಡ್ಡ ಸಂತೆ ಕೂಡುತ್ತಿತ್ತು. ಅದನ್ನು ಕೂಡಿಸುವವನು ಸಂತೆಶೆಟ್ಟಿ ಗುದ್ಲೆಪ್ಪ. ಕಂಬಳಿ ಎಲ್ಲಿ, ಬೆಲ್ಲ ಎಲ್ಲಿ, ಕುದುರೆಗೆ ನೀರು ಎಲ್ಲಿಂದ, ಗಾಡಿಗಳು ಯಾವ ದಾರಿಯಲ್ಲಿ ಹೊರಡಬೇಕು, ಎಲ್ಲವನ್ನೂ ಗೊತ್ತುಮಾಡಿ, ಸುಣ್ಣದ ಗಡಿಗೆ ಹಿಡಿದು ನೆಲದ ಮೇಲೆ ಗೆರೆ ಎಳೆಯುತ್ತಿದ್ದ. ಅವನು ಒಮ್ಮೆ ಎಳೆದ ಗೆರೆಯನ್ನು ಸಂತೆ ಮುಗಿಯುವ ತನಕ ಯಾರೂ ಅಳಿಸುವಂತಿರಲಿಲ್ಲ, ಸ್ವತಃ ಅವನೂ ಅಳಿಸುವಂತಿರಲಿಲ್ಲ, ಗೆರೆ ದಾಟಿ ಅಂಗಡಿ ಸರಿಸುವಂತೆಯೂ ಇರಲಿಲ್ಲ. ಮೊದಲ ನಗಾರಿಗೆ ಸರಕು ಬಿಚ್ಚಬೇಕು, ಕಡೆಯ ನಗಾರಿಗೆ ಕಟ್ಟಬೇಕು. ಎರಡನ್ನೂ ಬಾರಿಸುವ ಕೈ ಶೆಟ್ಟಿಯದೇ.

ಗುದ್ಲೆಪ್ಪನ ಹೊಟ್ಟೆಯಲ್ಲಿ ಎರಡು ಉರಿ ಇದ್ದವು. ಒಂದು, ಪಕ್ಕದ ಮುಳ್ಳೊಳ್ಳಿಯವರು ತಾವೂ ಸಂತೆ ಕೂಡಿಸುತ್ತೇವೆಂದು ಡಂಗುರ ಸಾರಿದ್ದರು. ಬಡಗಣದ ಕುದುರೆ ವ್ಯಾಪಾರಿಗಳು ಎಲ್ಲಿ ಗೂಟ ಹೊಡೆಯುತ್ತಾರೋ ಸಂತೆ ಅಲ್ಲೇ ನಿಲ್ಲುತ್ತದೆ. ಅವರು ಆ ಕಡೆ ತಿರುಗಿದರೆ ಕಣವಿಹಾಳಕ್ಕೆ ಉಳಿಯುವುದು ಸಗಣಿ ಮಾತ್ರ. ಇನ್ನೊಂದು ಉರಿ ಮೆಣಸಿನಕಾಯಿ ಮಾರುವ ಫಕೀರವ್ವ. ಹಿಂದಿನ ವರ್ಷ ಅವಳು ನೆರೆದ ಮಂದಿಯ ಮುಂದೆ, "ಶೆಟ್ರ, ನೀವು ಎಳೆದ ಗೆರಿ ಎತ್ತು ಉಚ್ಚಿ ಹೊಯ್ಕೋತ ಹೋದಂಗ ಐತಿ" ಎಂದಿದ್ದಳು. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ನಗು ವರ್ಷವಿಡೀ ಅವನ ಕಿವಿಯಲ್ಲಿ ತಿಗಣೆಯಂತೆ ಕೂತಿತ್ತು.

ಮುಳ್ಳೊಳ್ಳಿಯವರ ಸಂತೆ ಪುಷ್ಯದಲ್ಲೆಂದು ತಿಳಿದೊಡನೆ, ಪ್ರತಿವರ್ಷ ಮಾಘದಲ್ಲಿ ಕೂಡುತ್ತಿದ್ದ ತನ್ನ ಸಂತೆಯನ್ನು ಗುದ್ಲೆಪ್ಪ ದಸರೆಗಿಂತ ಮೊದಲೇ ಇಟ್ಟುಕೊಂಡ. ಬಯಲಿನಲ್ಲಿ ಕುದುರೆಯವರಿಗೆ ಒಳ್ಳೆಯ ಜಾಗ ಬಿಡಿಸಿದ. ಆಮೇಲೆ ಗಡಿಗೆ ಹೊತ್ತು, ಏದುಸಿರು ಬಿಡುತ್ತ ಗುಡ್ಡ ಹತ್ತಿ, ಬೋಳುನೆತ್ತಿಯ ಮೇಲೆ ಒಂದು ಚೌಕ ಎಳೆದು, ಫಕೀರವ್ವನನ್ನು ಕರೆಸಿದ. ಅಷ್ಟು ನೇರವಾದ ಗೆರೆಯನ್ನು ಅವನು ಹುಟ್ಟಿದಾಗಿನಿಂದ ಎಳೆದಿರಲಿಲ್ಲವಂತೆ.

"ಇದು ನಿನ್ನ ಜಾಗ. ನಿನ್ನ ಕಾಯಿ ತಗೊಳ್ಳಾಕ ಹದ್ದು ಬರ್ತಾವು" ಎಂದ.

ಫಕೀರವ್ವ ಚೌಕವನ್ನು ನೋಡಲಿಲ್ಲ, ತನ್ನ ಸೆರಗನ್ನು ನೋಡಿದಳು. ಅದು ಮೂಡಣಕ್ಕೆ, ಬಯಲಿನ ಕಡೆಗೆ ಹಾರುತ್ತಿತ್ತು. "ಮಾಘದಾಗ ಗಾಳಿ ಆ ಕಡಿಂದ ಬರ್ತೈತಿ ಶೆಟ್ರ. ಈಗಿನ್ನೂ ಪಡುವಣ ಗಾಳಿ. ನಂದು ಹ್ವಾದ ವರ್ಷದ ಕಾಯಿ, ಒಣಗಿ ಧೂಳಾಗೈತಿ."

"ಗಾಳಿಗೂ ನಿನಗೂ ಗೆರಿ ಎಳ್ಯಾಂವ ನಾನ. ಸುಮ್ನ ಕೂಡು."

ಅವಳು ಸುಮ್ಮನೆ ಕೂತಳು. ಮರುದಿನ ಬೆಳಿಗ್ಗೆ ಗುದ್ಲೆಪ್ಪ ಎದೆ ಉಬ್ಬಿಸಿ ನಗಾರಿ ಬಾರಿಸಿದ. ಕಟ್ಟಳೆಯಂತೆ ಎಲ್ಲರೂ ಸರಕು ಬಿಚ್ಚಿದರು. ಫಕೀರವ್ವನೂ ಬಿಚ್ಚಿದಳು, ಬಿಚ್ಚಿ, ಒಂದೊಂದೇ ಗೋಣಿಯನ್ನು ಗಾಳಿಗೆ ಹಿಡಿದು ನಿಧಾನವಾಗಿ ಕೊಡವಿದಳು. ಕೆಂಪು ಧೂಳು ಗುಡ್ಡದಿಂದ ಇಳಿದು ಬಂತು. ಮೊದಲು ಸೀನಿದ್ದು ಬೆಲ್ಲದವನು, ಆಮೇಲೆ ಕಂಬಳಿಯವರು, ಆಮೇಲೆ ಕುದುರೆಗಳು. ಕುದುರೆ ಸೀನಿದರೆ ಬರೀ ಸೀನುವುದಿಲ್ಲ, ಗೂಟವನ್ನೂ ಕಿತ್ತುಕೊಂಡು ಓಡುತ್ತದೆ. ಗುದ್ಲೆಪ್ಪ ಕಣ್ಣು ಮೂಗು ಸುರಿಸಿಕೊಂಡು ಗುಡ್ಡ ಹತ್ತಿ, ಕೆಳಗಿಳಿ ಎಂದ. ಗೆರೆ ದಾಟಬಾರದಲ್ಲ ಎಂದಳು. ಹಾಗಾದರೆ ರಾಶಿ ಮುಚ್ಚು ಎಂದ. ಕಡೆಯ ನಗಾರಿಯಾಗದೆ ಸರಕು ಕಟ್ಟಬಾರದಲ್ಲ ಎಂದಳು. "ನಗಾರಿ ಬಡೀರಿ, ಈಗ ಇಳಿತೇನಿ."

ಬಡಿದರೆ ಸಂತೆ ಮುಗಿಯಿತು. ಬಡಿಯದಿದ್ದರೆ ಧೂಳು ನಿಲ್ಲದು. ಅವನು ಅಲ್ಲಿಯೇ ನಿಂತು ನೋಡುತ್ತಿದ್ದಂತೆ, ಕುದುರೆಯವರು ಓಡಿದ ಕುದುರೆಗಳನ್ನು ಹಿಡಿದುಕೊಂಡು, ಕಣವಿಹಾಳದ ಏಳು ತಲೆಮಾರನ್ನು ಬೈಯುತ್ತ ಮುಳ್ಳೊಳ್ಳಿಯ ದಾರಿ ಹಿಡಿದರು. ಉಳಿದವರೂ ನಗಾರಿಗೆ ಕಾಯದೆ ಹೊರಟು, ಹೊತ್ತು ಮುಳುಗುವುದರೊಳಗೆ ಬಯಲು ಬರಿದಾಯಿತು.

"ಇನ್ನರ ಬಡೀರಿ" ಎಂದಳು ಫಕೀರವ್ವ.

"ಬಡ್ಯೂದಿಲ್ಲ. ನಾ ಬಡಿಯೂತನ ನನ್ನ ಸಂತಿ ಮುಗ್ಯೂದಿಲ್ಲ. ಅಲ್ಲೇ ಕೊಳಿ."

"ಕೂತೆ" ಎಂದಳು.

ಅವಳು ಸಾಯುವ ತನಕ ಗುಡ್ಡದ ಮೇಲೆ ಕೂತಳು, ಅವನು ಸಾಯುವ ತನಕ ಬುಡದಲ್ಲಿ ನಗಾರಿ ಕಾಯುತ್ತ ಕೂತ ಎನ್ನುತ್ತಾರೆ. ಇಬ್ಬರಲ್ಲಿ ಯಾರು ಮೊದಲು ಸತ್ತರೆಂದು ಎರಡು ಮನೆತನದವರು ಈಗಲೂ ಜಗಳಾಡುತ್ತಾರೆ.

ನೋಡಹೋದವರಿಗೆ ಬುಡದಲ್ಲಿ ಚರ್ಮ ಹೋದ ತಾಮ್ರದ ನಗಾರಿ ಬೋರಲು ಬಿದ್ದಿರುವುದು ಇಂದಿಗೂ ಕಾಣುತ್ತದೆ. ಮೇಲೆ ಮೆಣಸಿನಕಾಯಿಯ ಹಿಂದೆ ಗಂಟುಮುಖದಲ್ಲಿ ಕೂತವಳು ಫಕೀರವ್ವನ ಮನೆಯವಳೇ. ಪಡುವಣ ಗಾಳಿ ಬೀಸುವಾಗ ಬಯಲು ದಾಟುವವರೆಲ್ಲ ಸೀನುತ್ತಾರೆ, ಸೀನಿ ನಗುತ್ತಾರೆ. ಗುದ್ಲೆಪ್ಪನ ಮನೆಯವರು ಮಾತ್ರ ಮೂಗು ಹಿಂಡಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಉಸಿರು ಬಿಗಿಹಿಡಿದು ದಾಟುತ್ತಾರೆ. ಸೀನಿದರೆ ಮೇಲೆ ಕೂತವಳಿಗೆ ಕೇಳಿಸುತ್ತದೆ.